ಬುಧವಾರ ಕುಳಿತುಬಿಡುತ್ತಿದ್ದ ಕಾರು

2025ರ ಏಪ್ರಿಲ್ 16, ಬುಧವಾರ. ಬೆಳಿಗ್ಗೆ 9.50ಕ್ಕೆ ಮುರಗೋಡ ಪೊಲೀಸ್ ಠಾಣೆಗೆ ಬಂದ ಹಣಮಂತಪ್ಪ ಬರಿಗಾಲಲ್ಲಿದ್ದ. ಅಂಗಿಯ ತೋಳಿಗೆ ರಕ್ತ ಹತ್ತಿ ಒಣಗಿತ್ತು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ನನ್ನ ಹೇಂತಿ ಹೋದಳ್ರಿ,” ಎಂದ. “ಬಾಯವ್ವ. ಬದುವಿನ ಮ್ಯಾಲೆ ಹುಲ್ಲ ಕೊಯ್ಯಾಕ ಹತ್ತಿದ್ಲು. ಕಾರ ರಸ್ತಾ ಬಿಟ್ಟ ಹೊಲದಾಗ ಬಂತ್ರಿ.”

“ನೀವ ಎಲ್ಲಿದ್ರಿ?” ಇನ್ಸ್‌ಪೆಕ್ಟರ್ ಬಸಯ್ಯ ಮಠಪತಿ ಕೇಳಿದರು.

“ಅಲ್ಲೇ, ಎತ್ತಿಗೆ ನೀರ ಕುಡಸಾಕ ಹತ್ತಿದ್ದೆ.”

“ಕಾರ ಭಾಳ ಜೋರ ಇತ್ತೇನು?”

ಹಣಮಂತಪ್ಪ ತಲೆ ಅಲ್ಲಾಡಿಸಿದ. “ಇಲ್ರಿ. ಸುಳ್ಳ ಯಾಕ ಹೇಳ್ಲಿ. ಒಮ್ಮಿಂದೊಮ್ಮೆಲೆ ಎಡಕ್ಕ ವಾಲಿತು, ಅಷ್ಟ.”

10.20ಕ್ಕೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1)ನೇ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಕಾಲಮಿನಲ್ಲಿ ಕಾರಿನ ಚಾಲಕ ಬೀರಪ್ಪನ ಹೆಸರು.

ಸ್ಥಳ ಮನೋಳಿ ರಸ್ತೆಯಲ್ಲಿ, ಠಾಣೆಯಿಂದ ನಾಲ್ಕು ಕಿಲೋಮೀಟರು. 11.15ಕ್ಕೆ ಮಠಪತಿ ಇಬ್ಬರು ಪಂಚರನ್ನು ಕರೆದುಕೊಂಡು ಪಂಚನಾಮೆ ಶುರು ಮಾಡಿದರು. ಕಾರು ಮನೋಳಿಯ ಹತ್ತಿ ವ್ಯಾಪಾರಿ ನಿಜಗುಣಪ್ಪ ಕಲ್ಲಾಪುರ ಅವರದು. ಪರದೇಶದ ದೊಡ್ಡ ಗಾಡಿ, ಹದಿನಾಲ್ಕು ವರ್ಷ ಹಳೆಯದು. ಅಪಘಾತದ ಹೊತ್ತಿಗೆ ಅದರೊಳಗೆ ನಿಜಗುಣಪ್ಪ ಮತ್ತು ಅವರ ತಮ್ಮ ಸುಭಾಸ ಇದ್ದರು. ಅಣ್ಣನಿಗೆ ತುಟಿ ಒಡೆದಿತ್ತು, ತಮ್ಮನಿಗೆ ತರಚಿದ ಗಾಯ. ಕಾಲು ಮುರಿದ ಬೀರಪ್ಪನ ಜೊತೆ ಇಬ್ಬರನ್ನೂ ಬೈಲಹೊಂಗಲದ ಆಸ್ಪತ್ರೆಗೆ ಕಳಿಸಿದ್ದರು.

ರಸ್ತೆಯ ಮೇಲೆ ಬ್ರೇಕಿನ ಗುರುತು ಇರಲಿಲ್ಲ. ಡಾಂಬರು ಕೆರೆದ ಒಂದೇ ಗೆರೆ ಎಡಕ್ಕೆ ತಿರುಗಿ ಬದುವಿನ ತನಕ ಹೋಗಿತ್ತು. ಹೆಡ್ ಕಾನ್‌ಸ್ಟೆಬಲ್ ಶಂಕರೆಪ್ಪ ನೌಕರಿಗೆ ಸೇರುವ ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ಅವನು ಮಲಗಿ ಕಾರಿನ ಕೆಳಗೆ ನೋಡಿದ.

“ಸಾಹೇಬ್ರ, ಎಡಗಡೆ ಮುಂದಿನ ಗಾಲಿದು ಸ್ಪ್ರಿಂಗಿನ ಬುಡ ಕಳಚೈತಿ. ಕೆಳಗಿನ ಬೋಲ್ಟ್ ಇಲ್ಲ. ಸ್ಪ್ರಿಂಗ್ ಅಂತೂ ಹೊಚ್ಚ ಹೊಸಾದು.”

ಬೋಲ್ಟು ಆರು ನೂರು ಮೀಟರು ಹಿಂದೆ ರಸ್ತೆಯ ಅಂಚಿನಲ್ಲಿ ಸಿಕ್ಕಿತು. ನಟ್ಟು ಸಿಗಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ನಿಜಗುಣಪ್ಪನ ಹೆಂಡತಿ ಅನ್ನಪೂರ್ಣಾ ಮಠಪತಿಯವರನ್ನು ಕಂಡ ಕೂಡಲೇ ಎದ್ದು ನಿಂತಳು.

“ರಾಮದುರ್ಗದ ಆ ಸಂಜು ಮೆಕ್ಯಾನಿಕ್‌ನ ಹಿಡೀರಿ. ಹೋದ ವಾರ ಸ್ಪ್ರಿಂಗ್ ಹಾಕಿ ಕೊಟ್ಟಾನ. ನಮ್ಮ ಮನಿಯವ್ರು ಮೊದಲ ಜಡ್ಡಿನ ಮನಶಾ. ವಾರಕ್ಕ ಎರಡ ಸಲ ಡಯಾಲಿಸಿಸ್ ಐತ್ರಿ ಅವರಿಗೆ.”

“ಇವತ್ತ ಎಲ್ಲಿಗೆ ಹೊಂಟಿದ್ರಿ?”

“ಬೆಳಗಾವಿಗೆ. ಕಿಡ್ನಿ ಕಸಿ ಮಾಡ್ತಾರಲ್ರಿ, ಆ ದವಾಖಾನಿಗೆ. ಸುಭಾಸ ತನ್ನದೊಂದು ಕೊಡ್ತಾನ.” ಅವಳು ವರಾಂಡದ ಕಡೆ ನೋಡಿದಳು. “ದೇವರಂಥಾ ಮೈದುನ ಅಂವ.”

ಸುಭಾಸ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ನಲವತ್ತರ ಹತ್ತಿರದ ಗಟ್ಟಿ ಆಳು. ಯಾರಾದರೂ ಕರೆದರೆ ಬಂದು ಕೂಡುತ್ತಿದ್ದ, ಎರಡು ನಿಮಿಷಕ್ಕೆ ಮತ್ತೆ ಏಳುತ್ತಿದ್ದ.

ಏಪ್ರಿಲ್ 17, ಗುರುವಾರ, ಬೆಳಿಗ್ಗೆ 10. ಸಂಜು ರಾಮದುರ್ಗದಿಂದ ತಾನೇ ಠಾಣೆಗೆ ಬಂದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಕಾರನ್ನು ಠಾಣೆಯ ಹಿತ್ತಲಿನಲ್ಲಿ ನಿಲ್ಲಿಸಿದ್ದರು. ಮೋಟಾರು ವಾಹನ ನಿರೀಕ್ಷಕರು ಪರಿಶೀಲನೆಗೆ ಬಂದಿದ್ದರು.

“ಸ್ಪ್ರಿಂಗ್ ಯಾಕ ಹಾಕಿದ್ರಿ?” ಮಠಪತಿ ಕೇಳಿದರು.

“ಈ ಗಾಡಿ ಮೊದಲ ಗಾಳಿ ಮ್ಯಾಲೆ ನಿಲ್ಲತಿತ್ರಿ. ನಾಕೂ ಗಾಲಿಗೆ ಸ್ಪ್ರಿಂಗ್ ಬದಲಿ ರಬ್ಬರಿನ ಗಾಳಿಚೀಲ ಇರತಾವ. ಮೆತ್ತಗ ಹೋಗತೈತಿ, ತೊಟ್ಟಿಲಿನ್ಯಾಗ ಕುಂತಂಗ. ಹಳೇದಾತು ಅಂದ್ರ ರಬ್ಬರ ಸೀಳತೈತಿ, ಗಾಳಿ ಹೋಗತೈತಿ, ಗಾಡಿ ನೆಲಕ್ಕ ಕುಂತಬಿಡತೈತಿ. ಹೊಸಾ ಚೀಲ ತರಸಾಕ ತಿಂಗಳಗಟ್ಟಲೆ ಬೇಕು. ಅದಕ್ಕ ಅದನ್ನೆಲ್ಲಾ ತಗದು ಸುರುಳಿ ಸ್ಪ್ರಿಂಗ್ ಹಾಕಿದೆ. ಒಂಬತ್ತನೇ, ಹತ್ತನೇ ತಾರೀಖ. ಎರಡ ದಿನದ ಕೆಲಸ.”

“ಬೋಲ್ಟ್ ಬಿಗಿ ಮಾಡಿರಲಿಲ್ಲ.”

ಸಂಜು ಫೋನು ತೆಗೆದು ಒಂದು ಫೋಟೋ ತೋರಿಸಿದ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದ ಒಂದು ಗೆರೆ. ನಟ್ಟಿನಿಂದ ಹೊರಟು ಪಕ್ಕದ ಕಬ್ಬಿಣದ ಮೇಲೂ ಒಂದೇ ಸಮ ಹರಿದಿತ್ತು. ಫೋಟೋವನ್ನು 10ರ ಸಂಜೆ 5.40ಕ್ಕೆ ನಿಜಗುಣಪ್ಪನಿಗೆ ಕಳಿಸಿದ್ದ.

“ನಟ್ಟ ತುಸು ತಿರುಗಿದ್ರೂ ಗೆರಿ ಕೂಡೂದಿಲ್ರಿ. ಬಲಗಡಿ ನಟ್ಟ ಇನ್ನೂ ಐತೆಲ್ಲ, ನೀವ ನೋಡ್ರಿ.”

ಶಂಕರೆಪ್ಪ ಮತ್ತು ನಿರೀಕ್ಷಕರು ಟಾರ್ಚು ಹಿಡಿದು ನೋಡಿದರು. ಬಲಗಡೆಯ ನಟ್ಟಿನ ಗೆರೆ ಒಂದು ಕಡೆ, ಕಬ್ಬಿಣದ ಮೇಲಿನ ಗೆರೆ ಇನ್ನೊಂದು ಕಡೆ ಇದ್ದವು. ನಟ್ಟಿನ ಮೂಲೆಗಳಲ್ಲಿ, ನಟ್ಟು ಬಿಚ್ಚುವ ಪಾನಾ ಜಾರಿದ ಹೊಸ ಗುರುತು. ನಿರೀಕ್ಷಕರು ಎದ್ದು ಕೈ ಒರೆಸಿಕೊಂಡರು.

“ಅಲುಗಾಟಕ್ಕೆ ಸಡಿಲಾದದ್ದಲ್ಲ. ಯಾರೋ ಪಾನಾ ಹಾಕಿ ಬಿಚ್ಚಿದ್ದಾರೆ. ಎಡದ್ದು ಪೂರ್ತಿ ಬಿಚ್ಚುವ ತನಕ, ಬಲದ್ದು ಅರ್ಧ.”

ಮಠಪತಿ ಹಿತ್ತಲಿನಲ್ಲಿ ಎರಡು ಸುತ್ತು ಹಾಕಿ ಮತ್ತೆ ಸಂಜುವಿನ ಎದುರು ನಿಂತರು. “ಗಾಳಿ ಇದ್ದಾಗ ಎಷ್ಟ ಸಲ ಕುಂತಿತ್ತು?”

“ಮೂರ ಸಲ ಕರಸಿದ್ರು. ಮೂರೂ ಸಲ ಚೀಲ ಒಡದಿರಲಿಲ್ರಿ. ಗಾಳಿ ಹೋಗು ಪೈಪ ಕಿತ್ತು ಬಂದಿತ್ತು. ಹಳೇ ಜೋಡಣಿ, ಅದಕ್ಕ ಕಿತ್ತೈತಿ ಅಂದಕೊಂಡೆ. ಚೀಲಾನೂ ಸೀಳಾಕ ಹತ್ತಿದ್ದು ಖರೆ.” ಫೋನಿನಲ್ಲಿ ಹಳೆಯ ಕರೆಗಳನ್ನು ನೋಡಿ ತಾರೀಖು ಹೇಳಿದ. ಫೆಬ್ರವರಿ 12, ಮಾರ್ಚ್ 5, ಮಾರ್ಚ್ 26.

ಶಂಕರೆಪ್ಪ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿ ಬಂದ. “ಮೂರೂ ಬುಧವಾರ ಅದಾವ್ರಿ.”

“ಸ್ಪ್ರಿಂಗ್ ಹಾಕುವಾಗ ಆ ಮನಿಯವರ ಪೈಕಿ ಯಾರರ ಬಂದಿದ್ರೇನು?” ಮಠಪತಿ ಕೇಳಿದರು.

“ಸಣ್ಣ ಸಾವ್ಕಾರ್ರು, ಸುಭಾಸಪ್ಪಾರು, ಎರಡೂ ದಿನ ಗ್ಯಾರೇಜಿನ್ಯಾಗ ಇದ್ರು. ‘ಇನ್ನ ಇದು ಎಂದೂ ಕುಂದ್ರೂದಿಲ್ಲೇನು?’ ಅಂತ ಕೇಳಿದ್ರು. ‘ನಟ್ಟ ಬಿಚ್ಚಿದ್ರ ಕುಂತೀತ ನೋಡ್ರಿ’ ಅಂದಿದ್ದೆ.” ಸಂಜು ನೆಲ ನೋಡಿದ. “ನಗಚಾಟಿಗಿ ಅಂದಿದ್ದೆ ಸಾಹೇಬ್ರ. ನಿನ್ನಿಯಿಂದ ಅದ ಒಂದ ಮಾತು ತಲ್ಯಾಗ ತಿರಗಾಕ ಹತ್ತೈತಿ.”

ಏಪ್ರಿಲ್ 18, ಶುಕ್ರವಾರ. ಬೈಲಹೊಂಗಲದ ಆಸ್ಪತ್ರೆಯಲ್ಲಿ ಬೀರಪ್ಪನ ಹೇಳಿಕೆ. ಕಾಲಿಗೆ ಪಟ್ಟಿ ಸುತ್ತಿ ತೂಗುಹಾಕಿದ್ದರು. ಹನ್ನೊಂದು ವರ್ಷದಿಂದ ಆ ಮನೆಯ ಗಾಡಿ ಓಡಿಸಿದವನು.

“ಡಯಾಲಿಸಿಸ್ ಯಾವ ದಿನ?”

“ಮಂಗಳವಾರ, ಶುಕ್ರವಾರ. ಇಲ್ಲೇ ಬೈಲಹೊಂಗಲದಾಗ.”

“ಆ ದಿನಗಳಾಗ ಎಂದರ ಗಾಡಿ ಕುಂತಿತ್ತೇನು?”

ಬೀರಪ್ಪ ದಿಂಬಿನಿಂದ ತಲೆ ಎತ್ತಿದ. ಇಷ್ಟು ದಿನ ತನಗೇ ಹೊಳೆಯದ್ದು ಈಗ ಹೊಳೆದಂತಿತ್ತು. “ಇಲ್ರಿ. ಒಂದ ದಿನಾನೂ ಇಲ್ಲ. ಬೆಳಗಾವಿಗೆ ಹೊಂಟ ದಿನಾನ ಕುಂದ್ರತಿತ್ತು.”

“ಬ್ಯಾರೆ ಗಾಡಿ ಮಾಡಿಕೊಂಡ ಹೋಗಬಹುದಿತ್ತಲ್ಲ?”

“ದೊಡ್ಡ ಸಾವ್ಕಾರ್ರಿಗೆ ಬ್ಯಾರೆ ಗಾಡಿ ಒಗ್ಗೂದಿಲ್ರಿ. ಬೆನ್ನ ತಡಿಯೂದಿಲ್ಲ. ಸುಭಾಸಪ್ಪಾರೂ ‘ಮುಂದ ಹೋಗೂಣು ಬಿಡು’ ಅಂತಿದ್ರು.”

“ಮೊನ್ನೆ ಮುಂಜಾನೆ ಏನರ ಬ್ಯಾರೆ ಕಂಡಿತ್ತೇನು?”

“ಗಾಲಿ ಪೂರಾ ಬಲಕ್ಕ ತಿರಗಿದ್ದುವು. ನಾ ಯಾವಾಗಲೂ ನೆಟ್ಟಗ ನಿಲ್ಲಸತೇನಿ. ಮಂಗಳವಾರ ನಾಕಕ್ಕ ಗಾಡಿ ನಿಲ್ಲಿಸಿ, ಕೀಲಿ ಪಡಸಾಲಿಯೊಳಗ ಇಟ್ಟು ಮನಿಗೆ ಹೋಗಿದ್ದೆ.” ತೂಗುಹಾಕಿದ ಕಾಲನ್ನು ನೋಡುತ್ತ ಹೇಳಿದ: “ಸುಭಾಸಪ್ಪಾರು ನನ್ನ ಬಾಜೂಕ ಕುಂತಿದ್ರು. ‘ಸಾವಕಾಶ ಹೋಗು’ ಅಂದ್ರು. ಎರಡ ಸಲ ‘ಗಾಡಿ ನಿಲ್ಲಸು, ಗಾಲಿ ನೋಡು’ ಅಂದ್ರು. ಇಳದ ನೋಡಿದೆ, ಗಾಲಿ ನಟ್ಟ ಬರೋಬರಿ ಇದ್ದುವು. ಎಂದೂ ಹಂಗ ಅಂದವರಲ್ಲ. ಅಣ್ಣನ ಜೀವಕ್ಕ ಅಂಜತಾರ ಅಂದಕೊಂಡೆ.”

ಸಂಜೆ ಮಠಪತಿ ಬೆಳಗಾವಿಯ ಆಸ್ಪತ್ರೆಗೆ ಫೋನು ಮಾಡಿದರು. ಕಸಿ ವಿಭಾಗದ ಸಂಯೋಜಕಿ ದಾಖಲೆ ನೋಡಿ ಹೇಳಿದಳು. ಕಿಡ್ನಿ ಕೊಡುವವರನ್ನು ನೋಡುವುದು ಬುಧವಾರ ಮಾತ್ರ. ಸುಭಾಸನಿಗೆ ನಾಲ್ಕು ಸಲ ತಾರೀಖು ಕೊಟ್ಟಿದ್ದರು, ನಾಲ್ಕೂ ಸಲ ಬರಲಿಲ್ಲ. ಮಠಪತಿ ಇನ್ನೂ ಒಂದೆರಡು ಪ್ರಶ್ನೆ ಕೇಳಿದರು. ಫೋನು ಇಟ್ಟು ಉತ್ತರಗಳನ್ನು ಬರೆದುಕೊಂಡರು.

ಏಪ್ರಿಲ್ 19, ಶನಿವಾರ, ಬೆಳಿಗ್ಗೆ 11.10. ಸುಭಾಸನನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಸಂಜು ತೆಗೆದ ಫೋಟೋ, ಅದರ ಪಕ್ಕದಲ್ಲಿ ಈಗಿನ ಬಲಗಡೆ ನಟ್ಟಿನ ಫೋಟೋ.

“ಮಂಗಳವಾರ ನಾಕರ ಮ್ಯಾಲೆ ಎಲ್ಲಿದ್ರಿ?”

“ಮನ್ಯಾಗ.”

“ಕಾರಿನ ಕೀಲಿ ಯಾರ ತಗೊಂಡಿದ್ರು?”

ಸುಭಾಸ ಫೋಟೋಗಳನ್ನು ಮೇಜಿನ ಆಚೆ ಸರಿಸಿದ.

“ಫೆಬ್ರವರಿ ಹನ್ನೆರಡಕ್ಕ ಪೈಪ ಕಿತ್ತವರ ಯಾರು?”

ಸುಭಾಸ ಎದ್ದ, ಕಿಟಕಿಯ ತನಕ ಹೋದ, ತಿರುಗಿ ಬಂದ. ಬಾಗಿಲಲ್ಲಿದ್ದ ಶಂಕರೆಪ್ಪ ಅಲುಗಲಿಲ್ಲ.

“ಬಾಯವ್ವ ಅಂತ ಹೆಸರು,” ಮಠಪತಿ ಹೇಳಿದರು. “ಐವತ್ತೆರಡು ವರ್ಷ.”

“ಗೊತ್ತೈತ್ರಿ.” ಸುಭಾಸ ಕುಳಿತ. “ನಾನ ಬಿಚ್ಚೇನಿ. ಪಾನಾ ಒಳಗ ಹೋಗಲಿ ಅಂತ ಕೀಲಿ ಹಾಕಿ ಗಾಲಿ ತಿರಗಿಸಿದ್ದೆ. ಬಿಚ್ಚಿದ್ರ ಗಾಡಿ ಕುಂದ್ರತೈತಿ ಅಂದಕೊಂಡಿದ್ದೆ, ಮೊದಲಿನಂಗ. ಬಲಗಡಿದು ಬಿಚ್ಚು ಹೊತ್ತಿಗೆ ಅನ್ನಪೂರ್ಣಾ ವೈನಿ ಹೊರಗ ಬಂದ್ಲು, ಅರ್ಧಕ್ಕ ಬಿಟ್ಟ ಎದ್ದೆ. ಮುಂಜಾನೆ ನೋಡಿದ್ರ ಗಾಡಿ ನೆಟ್ಟಗ ನಿಂತೈತಿ.”

“ಮತ್ತ ಅದರಾಗ ಯಾಕ ಹತ್ತಿದ್ರಿ?”

“ಹತ್ತಲಿಲ್ಲ ಅಂದ್ರ ಯಾಕಂತ ಹೇಳಬೇಕಾಗತಿತ್ತು.”

“ಕಿಡ್ನಿ ಕೊಡಾಕ ಮನಸಿರಲಿಲ್ಲ.”

“ಹೂಂ ಅಂದಾಗ ಮನಸಿತ್ರಿ. ಅವ್ವ ಆರತಿ ಮಾಡಿದ್ಲು. ಊರ ಮಠದಾಗ ಸ್ವಾಮಿ ಅಜ್ಜಾರು ಎಲ್ಲಾರ ಮುಂದ ಶಾಲು ಹೊಚ್ಚಿದ್ರು. ಮನಿಗೆ ಬಂದ ಮ್ಯಾಲೆ ಅಂಜಿಕಿ ಹೊಕ್ಕತು. ಊಟ ಸೇರಲಿಲ್ಲ. ಬೆಳಗಾವಿ ಅಂದ್ರ ಸಾಕು, ಎದ್ದು ಅಡ್ಡಾಡಾಕ ಹತ್ತತಿದ್ದೆ. ಯಾರಿಗೆ ಹೇಳ್ಲಿ? ಅಣ್ಣ ದಿನಾ ನನ್ನ ಮಾರಿ ನೋಡತಿದ್ದ.”

ಮಠಪತಿ ಫೋಟೋಗಳನ್ನು ಫೈಲಿಗೆ ಸೇರಿಸಿದರು. ಹೇಳಬೇಕೋ ಬೇಡವೋ ಎಂದು ನಿನ್ನೆಯಿಂದ ಅವರ ಮನಸ್ಸು ತುಯ್ದಾಡುತ್ತಿತ್ತು.

“ಆ ದವಾಖಾನ್ಯಾಗ ಮೊದಲನೇ ದಿನ ಕೊಡಾವರನ್ನ ಒಬ್ಬರನ್ನ ಕುಂದ್ರಿಸಿ, ಬಾಗಿಲ ಹಾಕಿ ಕೇಳ್ತಾರ. ಒಲ್ಲೆ ಅಂದ್ರ ಮನಿಯವರಿಗೆ ಹೇಳೂದಿಲ್ಲ. ಈ ಕಿಡ್ನಿ ಬರೂದಿಲ್ಲ ಅಂತಷ್ಟ ಹೇಳಿ ಕಳಸತಾರ. ಫೆಬ್ರವರಿ ಹನ್ನೆರಡಕ್ಕ ನೀವ ಹೋಗಿದ್ರ ಅವತ್ತ ಮುಗೀತಿತ್ತು.”

 ಸುಭಾಸ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಮಧ್ಯಾಹ್ನ 1.30ಕ್ಕೆ ಹೊಲದ ಪಂಪಿನ ಮನೆಯಲ್ಲಿ ಅವನೇ ತೋರಿಸಿದ ಪಾನಾವನ್ನು ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು. ಅದರ ಬಾಯಲ್ಲಿ ಹಳದಿ ಬಣ್ಣದ ಸಣ್ಣ ಚೂರು ಅಂಟಿತ್ತು. 2.45ಕ್ಕೆ ಸುಭಾಸನ ದಸ್ತಗಿರಿ. ಬೀರಪ್ಪನ ಹೆಸರು ಕೈಬಿಟ್ಟು, ಕೊಲೆಯಲ್ಲದ ನರಹತ್ಯೆಯ 105ನೇ ಕಲಮು ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು.

“ಅಣ್ಣಗ ನೀವ ಹೇಳ್ತೀರೇನ್ರಿ?” ಜೀಪು ಹತ್ತುವಾಗ ಸುಭಾಸ ಕೇಳಿದ ಒಂದೇ ಮಾತು ಅದು.

“ಹೇಳಲೇಬೇಕು. ಕಾಯದೆ ಐತಿ.”

ಮನೋಳಿಯ ಮನೆಯಲ್ಲಿ ನಿಜಗುಣಪ್ಪ ದಿಂಬಿಗೆ ಒರಗಿ ಕುಳಿತಿದ್ದರು. ಕಾಲು ಬಾತಿದ್ದವು. ಮಠಪತಿ ದಸ್ತಗಿರಿಯ ವಿಷಯ ಹೇಳಿದರು, ಕಾರಣವನ್ನೂ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಾ ಚೌಕಟ್ಟು ಹಿಡಿದುಕೊಂಡಳು. ನಿಜಗುಣಪ್ಪನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ಮೂರನೇ ಸಲ ಕುಂತಾಗ ನನಗ ತಿಳೀತ್ರಿ,” ಎಂದರು. “ಅವನ ಮುಂಗೈಗೆ ಗ್ರೀಸ್ ಹತ್ತಿತ್ತು. ಸಾಬಾಣ ಹಚ್ಚಿ ತಿಕ್ಕಾಕ ಹತ್ತಿದ್ದ.”

“ಕೇಳಲಿಲ್ಲೇನು?”

“ಕೇಳಿದ್ರ ಒಲ್ಲೆ ಅಂತಿದ್ದ.”

ಹೊರಗೆ ಯಾರೋ ಹತ್ತಿಯ ಚೀಲ ಇಳಿಸುತ್ತಿದ್ದರು. ಅನ್ನಪೂರ್ಣಾ ಗಂಡನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದಳು.

“ಅದಕ್ಕ ಸಂಜೂಗ ಫೋನ ಮಾಡಿ ಗಾಳಿ ಗೀಳಿ ಎಲ್ಲಾ ತಗದು ಸ್ಪ್ರಿಂಗ್ ಹಾಕು ಅಂದೆ. ಗಾಡಿ ಕುಂದ್ರೂದು ತಪ್ಪತಂದ್ರ ಇವಗೂ ಬ್ಯಾರೆ ಹಾದಿ ಇರೂದಿಲ್ಲ, ಬರ್ತಾನ ಅಂದಕೊಂಡೆ.” ನಿಜಗುಣಪ್ಪ ಉಸಿರು ತೆಗೆದುಕೊಂಡರು. “ನನಗ ಬದುಕಬೇಕಿತ್ರಿ. ಇದನ್ನೂ ಬರಕೋರಿ.”

ಮಠಪತಿ ಬರೆದುಕೊಂಡರು. ಆ ಮಾತಿಗೆ ಯಾವ ಕಲಮೂ ಇರಲಿಲ್ಲ. ಸಾಕ್ಷಿ ಹೇಳಿಕೆ ಎಂದು ತಲೆಬರಹ ಹಾಕಿದರು.

ಸಂಜೆ 6.20ಕ್ಕೆ ಠಾಣೆಯಲ್ಲಿ ಕೇಸ್ ಡೈರಿ ಬರೆಯುವಾಗ ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದು ಅವರ ಪೆನ್ನು ನಿಂತಿತು. ಶಂಕರೆಪ್ಪ ಕಾಯುತ್ತಿದ್ದ. ಕೊನೆಗೆ ಮಠಪತಿ ಬರೆದರು: “ಆರೋಪಿಗೆ ಅಣ್ಣನ ಮೇಲೆ ದ್ವೇಷ ಇರುವುದು ಕಂಡುಬಂದಿಲ್ಲ. ಮೃತಳ ಪರಿಚಯವೂ ಇರಲಿಲ್ಲ. ಒಲ್ಲೆ ಎಂದು ಬಾಯಿಬಿಟ್ಟು ಹೇಳಲು ಆರೋಪಿಗೆ ಧೈರ್ಯ ಸಾಲದೆ ಈ ಕೃತ್ಯ ನಡೆದಿದೆ.”

ಓದಿ ನೋಡಿ, ಕೆಳಗೆ ತಾರೀಖು, ಸಮಯ ಹಾಕಿ ಸಹಿ ಮಾಡಿದರು.