ಹಿತೇಶನ ಜೀಪು

"ಅದನ್ನು ಮುಟ್ಟಬಾರದು ಅಂತ ಹೇಳು ಅವರಿಗೆ!"

ರಾಜೀವಿಯಮ್ಮನ ಧ್ವನಿ ಹಿತ್ತಿಲಿನವರೆಗೂ ಕೇಳಿಸಿತು. ಅವರು ಹೇಳಿದ್ದು ಮಗಳು ಶಶಿಪ್ರಭಾಳಿಗೆ. ಮಾತು ತಲುಪಬೇಕಾದದ್ದು ಮಾತ್ರ ನಾಲ್ಕು ಹೆಜ್ಜೆ ಆಚೆ ಟಾರ್ಪಾಲಿನ ತುದಿ ಹಿಡಿದು ನಿಂತಿದ್ದ ಅಳಿಯ ಗುಣಪಾಲನಿಗೆ. ಶಕ್ತಿನಗರದ ಆ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಹೀಗೆಯೇ ನಡೆದುಬಂದಿತ್ತು. ಅತ್ತೆ, ಅಳಿಯ ಒಂದೇ ಸೂರಿನಡಿ ಬದುಕಿದ್ದರು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು. ಆದರೆ ಅಳಿಯನ ಮುಖ ನೋಡಿ ರಾಜೀವಿಯಮ್ಮ ಒಂದೇ ಒಂದು ಮಾತು ಆಡಿರಲಿಲ್ಲ.

ಟಾರ್ಪಾಲಿನ ಕೆಳಗಿದ್ದದ್ದು ಅವರ ಒಬ್ಬನೇ ಮಗ ಹಿತೇಶನ ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಹನ್ನೊಂದು ವರ್ಷಗಳ ಹಿಂದೆ, ಮೂಡುಬಿದಿರೆಯಿಂದ ಹಿಂತಿರುಗುವಾಗ, ಗುರುಪುರದ ಇಳಿಜಾರಿನಲ್ಲಿ ಅದು ರಸ್ತೆ ಬಿಟ್ಟು ಕೆಳಗೆ ಉರುಳಿತ್ತು. ಓಡಿಸುತ್ತಿದ್ದವನು ಗುಣಪಾಲ. ಪಕ್ಕದಲ್ಲಿ ಕುಳಿತಿದ್ದ ಹಿತೇಶ ಅಲ್ಲೇ ತೀರಿಕೊಂಡ. "ಸ್ಟೇರಿಂಗ್ ಕೈಯಲ್ಲಿ ಖಾಲಿ ತಿರುಗಿತು" ಎಂದು ಗುಣಪಾಲ ಆಸ್ಪತ್ರೆಯ ಮಂಚದ ಮೇಲಿಂದ ಎಷ್ಟೋ ಸಲ ಹೇಳಿದ್ದ. ಯಾರೂ ನಂಬಲಿಲ್ಲ. ವರ್ಷ ಕಳೆದಂತೆ ಅವನಿಗೇ ತನ್ನ ಮೇಲೆ ನಂಬಿಕೆ ಹೋಯಿತು. ನನ್ನ ಕಣ್ಣೇ ಒಂದು ಕ್ಷಣ ತಪ್ಪಿತೋ ಏನೋ... ಎಂದುಕೊಂಡು ಬದುಕಿದ.

ಈಗ ಹೋಟೆಲಿನ ಕ್ಯಾಷಿಯರ್ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತಾಗ ದಿನವೂ ಕಿಟಕಿಯಿಂದ ಕಾಣುತ್ತಿದ್ದದ್ದು ಅದೇ ಜೀಪು.

"ಅವನು ಅಷ್ಟು ಪ್ರೀತಿಯಿಂದ ಇಟ್ಟ ಗಾಡಿ, ಶಶಿ. ಮಣ್ಣಾಗಿ ಹೋಗುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ. ಒಮ್ಮೆ ಸರಿ ಮಾಡ್ತೇನೆ" ಎಂದ ಹೆಂಡತಿಯ ಹತ್ತಿರ.

ರಾಜೀವಿಯಮ್ಮ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. "ಮಾಡ್ಲಿಕ್ಕೆ ಹೇಳು. ಆದರೆ ಆರ್‌ಸಿ ನನ್ನ ಮಗನ ಹೆಸರಲ್ಲಿ ಉಂಟು. ನನ್ನ ಸಹಿ ಇಲ್ಲದೆ ಅದು ರಸ್ತೆಗೆ ಇಳಿಯುವುದಿಲ್ಲ. ಸಹಿ ನಾನು ಹಾಕುವುದಿಲ್ಲ" ಎಂದು ಮಗಳಿಗೆ ಹೇಳಿ ಒಳಗೆ ಹೋದರು.

ಗುಣಪಾಲನ ಜೊತೆಗೆ ನಿಂತವಳು ಮಗಳು ಗ್ರೀಷ್ಮಾ. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಳು. ಭಾನುವಾರ ಪೂರ್ತಿ ಜೀಪಿನ ಕೆಳಗೆ. ಕುಲಶೇಖರದ ಹಳೆಯ ಮೆಕ್ಯಾನಿಕ್ ಸಿಪ್ರಿಯನ್, ಹತ್ತು ವರ್ಷ ಮಸ್ಕತ್ತಿನಲ್ಲಿ ದುಡಿದು ಹಿಂದಿನ ವರ್ಷವಷ್ಟೇ ಊರಿಗೆ ಬಂದವರು, ಚಹಾ ಕೊಟ್ಟರೆ ಸಾಕು ಎಂದು ಬಂದು ಹೇಳಿಕೊಡುತ್ತಿದ್ದರು. ಹೊಸ ಬಾಡಿ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ತುಕ್ಕು ತಿಂದ ತಳವನ್ನು ಕತ್ತರಿಸಿ ತೆಗೆದು, ಕಾರ್ಖಾನೆಗಳಲ್ಲಿ ತೂಕಕ್ಕೆ ಮಾರುವ ತಗಡಿನ ತುಂಡುಗಳನ್ನು ತಂದು ವೆಲ್ಡಿಂಗ್ ಮಾಡಿದರು. ಸೀಟು, ಹೆಡ್‌ಲೈಟು, ಡೈನಮೋ ಎಲ್ಲ ಕುದ್ರೋಳಿಯಲ್ಲಿದ್ದ ಜಮಾಲುದ್ದೀನರ ಗುಜರಿ ಅಂಗಡಿಯಿಂದ ಬಂದವು. ಜಾಮ್ ಆಗಿದ್ದ ಇಂಜಿನಿನ ಸಿಲಿಂಡರುಗಳಿಗೆ ಡೀಸೆಲ್ ಸುರಿದು ಒಂಬತ್ತು ದಿನ ಬಿಟ್ಟರು. ಹತ್ತನೆಯ ದಿನ ಉದ್ದದ ಸ್ಪ್ಯಾನರ್ ಹಾಕಿ ಎಳೆದಾಗ ಅದು ಒಂದು ಇಂಚು ತಿರುಗಿತು. ಗುಣಪಾಲ ಅಂದು ಎಷ್ಟೋ ವರ್ಷಗಳ ನಂತರ ಗಟ್ಟಿಯಾಗಿ ನಕ್ಕ! ಅಡುಗೆಮನೆಯಲ್ಲಿದ್ದ ಶಶಿಪ್ರಭಾ ಅದನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಮ್ಮನನ್ನು ಕಳೆದುಕೊಂಡವಳು ಅವಳು. ಆದರೆ ತಾಯಿಯ ಎದುರು ಗಂಡನ ಪರ, ಗಂಡನ ಎದುರು ತಾಯಿಯ ಪರ ಮಾತಾಡುವುದರಲ್ಲೇ ಅವಳಿಗೆ ತಮ್ಮನಿಗಾಗಿ ಮನಸಾರೆ ಅಳುವುದಕ್ಕೆ ಪುರುಸೊತ್ತಾಗಿರಲಿಲ್ಲ.

ಮೂರನೆಯ ತಿಂಗಳು ಮುಂದಿನ ಚಕ್ರಗಳನ್ನು ಬಿಚ್ಚಿದರು. ಸ್ಟೇರಿಂಗಿನ ರಾಡನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟ್ ಮುರಿದಿತ್ತು. ಸಿಪ್ರಿಯನ್ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದವರು ಹಾಗೆಯೇ ನಿಂತುಬಿಟ್ಟರು.

"ಗುಣಪಾಲಣ್ಣ... ಇದು ಬಿದ್ದಾಗ ಮುರಿದದ್ದಲ್ಲ ಮಾರಾಯ್ರೆ. ಸವೆದು ಸವೆದು ಕಳಚಿದ್ದು. ನಾನು ಮಸ್ಕತ್ತಿಗೆ ಹೊರಡುವ ವಾರ ಹಿತೇಶನಿಗೆ ಹೇಳಿದ್ದೆ, ಎರಡು ದಿವಸ ಗಾಡಿ ನನ್ನಲ್ಲಿ ಬಿಡು, ಇದನ್ನು ಬದಲಿಸ್ತೇನೆ ಅಂತ. ನಾಡಿದ್ದು ತರ್ತೇನೆ ಅಂತ ಹೋದ. ಬರ್ಲೇ ಇಲ್ಲ. ಆಮೇಲೆ ಯಾರೋ ಫೋನಿನಲ್ಲಿ ಆಕ್ಸಿಡೆಂಟ್ ಅಂದ್ರು. ಇದರಿಂದಲೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು!"

ಗುಣಪಾಲ ನೆಲದ ಮೇಲೆ ಕುಳಿತುಬಿಟ್ಟ. ಅವನ ಕೈ ತಪ್ಪಿರಲಿಲ್ಲ... ಕಣ್ಣು ತಪ್ಪಿರಲಿಲ್ಲ! ಸ್ಟೇರಿಂಗ್ ನಿಜವಾಗಿಯೂ ಖಾಲಿ ತಿರುಗಿತ್ತು!

"ಈಗಲೇ ಅಜ್ಜಿಗೆ ತೋರಿಸ್ತೇನೆ" ಎಂದು ಗ್ರೀಷ್ಮಾ ಎದ್ದಳು. ಗುಣಪಾಲ ಅವಳ ಕೈ ಹಿಡಿದ.

"ಬೇಡ ಮಗಾ. ಮೆಕ್ಯಾನಿಕ್ ಹೇಳಿದ ಮೇಲೂ ಹಿತೇಶ ಅಸಡ್ಡೆ ಮಾಡಿದ ಅಂತ ಆಗ್ತದೆ. ಅವರಿಗೆ ಉಳಿದಿರುವುದು ಮಗನ ಹೆಸರೊಂದೇ."

"ಮತ್ತೆ ನಿಮಗೆ ಎಂತ ಉಳಿದಿದೆ ಅಪ್ಪ? ಹನ್ನೊಂದು ವರ್ಷ!"

"ನನಗೆ ಗೊತ್ತಾಯ್ತಲ್ಲ. ಸಾಕು."

ಜಾಯಿಂಟನ್ನು ಅವನು ಗುಜರಿಯ ಗೋಣಿಗೆ ಹಾಕಿದ. ಗ್ರೀಷ್ಮಾ ಎರಡು ದಿನ ತಂದೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಮುಂದಿನ ಭಾನುವಾರ ಬಂದು ಹೊಸ ಜಾಯಿಂಟ್ ತಾನೇ ಕೂರಿಸಿದಳು.

ದೀಪಾವಳಿಯ ಹೊತ್ತಿಗೆ ಜೀಪು ತಯಾರಾಯಿತು. ಬಾಡಿಗೆಯ ಕಂಪ್ರೆಸರಿನಲ್ಲಿ ಹೊಡೆದ ಹಸಿರು ಬಣ್ಣ ಅಲ್ಲಲ್ಲಿ ಇಳಿದಿತ್ತು, ಆದರೆ ಇಂಜಿನ್ ಒಂದೇ ಸಲ ಕೀಲಿ ತಿರುಗಿಸಿದ್ದಕ್ಕೆ ಹಿಡಿಯಿತು. ಶಶಿಪ್ರಭಾ ವರ್ಗಾವಣೆಯ ಕಾಗದಗಳನ್ನು ತಾಯಿಯ ಮುಂದೆ ಇಟ್ಟಳು.

ರಾಜೀವಿಯಮ್ಮ ಕಾಗದ ತಳ್ಳಿದರು. "ನನ್ನ ಮಗನನ್ನು ಕೊಂದವರ ಕೈಗೆ ಪುನಃ ಅದೇ ಜೀಪು ಕೊಡ್ಬೇಕಾ? ಆಗುವುದಿಲ್ಲ ಅಂತ ಹೇಳು!"

ಗ್ರೀಷ್ಮಾಳಿಂದ ತಡೆಯಲಾಗಲಿಲ್ಲ. "ಕೊಂದದ್ದು ಅಪ್ಪ ಅಲ್ಲ ಅಜ್ಜಿ! ಜಾಯಿಂಟ್ ಸವೆದಿತ್ತು. ಸಿಪ್ರಿಯನ್ ಅಂಕಲ್ ಮೊದಲೇ ಹೇಳಿದ್ರು. ಹಿತೇಶ್ ಮಾಮ ಕೇಳ್ಲಿಲ್ಲ!"

"ಗ್ರೀಷ್ಮಾ!" ಎಂದು ಗುಣಪಾಲ ಗದರಿದ. ಆದರೆ ಮಾತು ಆಗಿಹೋಗಿತ್ತು.

ರಾಜೀವಿಯಮ್ಮ ಅಳಲಿಲ್ಲ, ಕೂಗಲಿಲ್ಲ. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕುಳಿತರು.

"ಅವನು ಕೇಳಿದ್ದ. ಕೇಳದವಳು ನಾನು..."

ತಾವು ತಳ್ಳಿದ ಕಾಗದವನ್ನೇ ನೋಡುತ್ತಾ ಮುಂದುವರಿಸಿದರು.

"ಅವತ್ತು ಬೆಳಿಗ್ಗೆ ಹೇಳಿದ, ಅಮ್ಮ, ಜೀಪು ಎರಡು ದಿವಸ ಗ್ಯಾರೇಜಿಗೆ ಬಿಡ್ಬೇಕು ಅಂತ. ಮೂಡುಬಿದಿರೆಯ ನನ್ನ ಅಕ್ಕನ ಮನೆಯಿಂದ ಅಕ್ಕಿ ತರ್ಲಿಕ್ಕಿತ್ತು. ಇಷ್ಟು ವರ್ಷ ಓಡಿದ ಜೀಪಿಗೆ ಎರಡು ದಿವಸದಲ್ಲಿ ಎಂತ ಆಗ್ತದೆ, ಇವತ್ತೇ ಹೋಗಿ ಬಾ ಅಂತ ಬೈದು ಕಳಿಸಿದೆ. ಅವನಿಗೆ ಜ್ವರ ಬೇರೆ ಇತ್ತು. ಭಾವನನ್ನು ಕರ್ಕೊಂಡು ಹೋಗ್ತೇನೆ ಅಂದ..." ಅವರು ತಲೆ ಎತ್ತಿ ಅಳಿಯನ ಮುಖವನ್ನೇ ನೋಡಿದರು. "ಗುಣಪಾಲ... ಸ್ಟೇರಿಂಗ್ ಖಾಲಿ ತಿರುಗಿತು ಅಂತ ನೀನು ಆಸ್ಪತ್ರೆಯಲ್ಲಿ ಹೇಳಿದ ದಿನವೇ ನನಗೆ ಗೊತ್ತಾಗಿತ್ತು. ನಿನ್ನ ಮೇಲೆ ಹಾಕಿದ್ರೆ ನನಗೆ ಬದುಕ್ಲಿಕ್ಕೆ ಆಗ್ತಿತ್ತು. ಅದಕ್ಕೆ ಹಾಕಿದೆ!"

 ಪೆನ್ನು ಹುಡುಕುತ್ತಿದ್ದ ಅತ್ತೆಯ ಮುಂದಿನಿಂದ ಗುಣಪಾಲ ಕಾಗದಗಳನ್ನು ಎತ್ತಿಕೊಂಡ. "ಇವತ್ತು ಬೇಡ ಅತ್ತೆ. ನಾಳೆ ಹಾಕಿದ್ರೆ ಆಯ್ತು" ಎಂದಷ್ಟೇ ಹೇಳಿ ಹೊರಗೆ ಹೋದ. ಜೀಪಿನ ಮರೆಯಲ್ಲಿ ನಿಂತು ಅತ್ತ. ಅಂಥ ಅಳು ಅವನಿಗೆ ಹಿತೇಶ ಸತ್ತ ದಿನವೂ ಬಂದಿರಲಿಲ್ಲ.

ಸಹಿ ಬಿತ್ತು. ಜೀಪು ಫಿಟ್‌ನೆಸ್ ಪರೀಕ್ಷೆಯಲ್ಲಿ ಮೊದಲ ಸಲ ಹ್ಯಾಂಡ್‌ಬ್ರೇಕಿಗೆ ಫೇಲ್, ಎರಡನೆಯ ಸಲ ಪಾಸ್. ಗುಣಪಾಲ ಅದನ್ನು ತಾನೇ ಓಡಿಸಿಕೊಂಡು ಮಧ್ಯಾಹ್ನ ಮನೆಗೆ ಬಂದ. ಊಟದ ಮೇಜಿನ ಮೇಲೆ ಎರಡೇ ತಟ್ಟೆ. ತಾಯಿಯ ಊಟವನ್ನು ಶಶಿಪ್ರಭಾ ಕೋಣೆಯ ಬಾಗಿಲಲ್ಲಿ ಇಟ್ಟು ಬಂದಿದ್ದಳು. ಹದಿನೈದು ದಿನದಿಂದ ಅವಳು ತಾಯಿಯ ಹತ್ತಿರ ಮಾತು ಬಿಟ್ಟಿದ್ದಳು.

"ನನ್ನಿಂದ ಆಗುವುದಿಲ್ಲ" ಎಂದಳು ಶಶಿಪ್ರಭಾ, ಗಂಡ ಕೇಳುವ ಮೊದಲೇ. "ನಿಮ್ಮನ್ನು ನಾನೂ ಒಳಗೊಳಗೆ ಅನುಮಾನಿಸ್ತಾ ಬಂದೆ. ನಿಮ್ಮ ಒಟ್ಟಿಗೆ ಬಾಳ್ತಾ ಅನುಮಾನಿಸಿದೆ! ಹಾಗೆ ಮಾಡಿಸಿದ್ದು ಅವರು. ಹೇಗೆ ಮಾತಾಡ್ಲಿ?"

ಗುಣಪಾಲ ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟ. "ಮಾತಿಲ್ಲದೆ ಈ ಮನೆಯಲ್ಲಿ ಕೂತವ ನಾನು, ಶಶಿ. ಅದು ಹೇಗಿರ್ತದೆ ಅಂತ ನನಗೆ ಗೊತ್ತುಂಟು. ಎಪ್ಪತ್ತೆಂಟು ವರ್ಷದವರಿಗೆ ಅದು ಬೇಡ."

"ನೀವು ಕ್ಷಮಿಸಿ ಆಯ್ತಾ ಅವರನ್ನು?"

ಅವನು ಒಳಗಿಂದ ಇನ್ನೊಂದು ತಟ್ಟೆ ತಂದು ಮೇಜಿನ ಮೇಲಿಟ್ಟ.

"ಗೊತ್ತಿಲ್ಲ. ಊಟಕ್ಕೆ ಕರಿ."

ಶಶಿಪ್ರಭಾ ಹೋಗಿ, ಬಾಗಿಲಲ್ಲಿ ಮುಟ್ಟದೆ ಉಳಿದಿದ್ದ ತಟ್ಟೆಯನ್ನು ಎತ್ತಿಕೊಂಡು, ಮುಖ ಬೇರೆ ಕಡೆ ತಿರುಗಿಸಿ ಹೇಳಿದಳು:

"ಅಮ್ಮ, ಇದು ತಣ್ಣಗಾಗಿದೆ. ಹೊರಗೆ ಬನ್ನಿ, ಬೇರೆ ಬಡಿಸ್ತೇನೆ."