ಜಂಬಣ್ಣನಿಗೆ ಮಾಡಿದ ಉಪಚಾರ

"ಅಜ್ಜೀ, ಬೇಗ ಬಾ! ಟ್ಯಾಂಕಿಗೆ ಯಾರೋ ಹಾಲು ಸುರಿದಿದಾರೆ!"

ಮೊಮ್ಮಗಳು ಗಿಳಿಯ ಕೂಗಿಗೆ ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದರು. ನಿನ್ನೆ ತಿಳಿಯಾಗಿದ್ದ ಗಾಜಿನ ತೊಟ್ಟಿಯ ನೀರು ಇವತ್ತು ಬೆಳ್ಳಗೆ ಕದಡಿಹೋಗಿತ್ತು. ಜಂಬಣ್ಣ ಮೇಲೆ ಬಂದು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

ಜಂಬಣ್ಣ ಅಂದರೆ ಚಿಕ್ಕಮ್ಮನ ಮೀನು. ನೀಲಿ ಮೈ, ಹಳದಿ ಬಾಲ, ಉಪ್ಪುನೀರಿನವನು. ಚಿಕ್ಕಮ್ಮ ಸಮುದ್ರದ ನೀರನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಟ್ರೇನಿಂಗಿಗೆಂದು ಹೊರಟಾಗ ಮೀನಿನ ಊಟದ ಡಬ್ಬಿಯನ್ನು ಗಿಳಿಯ ಕೈಗೆ ಕೊಟ್ಟು, "ದಿನಕ್ಕೆ ಒಂದೇ ಚಿಟಿಕೆ, ಆಯ್ತಾ?" ಎಂದಿದ್ದಳು. ವಟವಟ ಮಾತಿಗೇ ಗಿಳಿ ಎಂಬ ಹೆಸರು ಪಡೆದವಳು ಅವತ್ತು "ಡನ್!" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

"ಪಾಪ, ಹಸಿವು ಕಣೇ. ಇನ್ನೊಂಚೂರು ಹಾಕು," ಎಂದರು ಅಜ್ಜಿ. ಯಾರು ಬಾಯಿ ತೆರೆದರೂ ಅವರಿಗೆ ಹಸಿವೆಂದೇ ಕಾಣುತ್ತದೆ. ಆಕಳಿಸಿದರೂ ತಟ್ಟೆ ತರುತ್ತಾರೆ.

ಗಿಳಿ ಡಬ್ಬಿಯ ಮುಚ್ಚಳ ತೆಗೆದಳು. ಕೈ ಅಲ್ಲೇ ನಿಂತಿತು. ಜಂಬಣ್ಣ ತಿನ್ನದೆ ಬಿಟ್ಟ ಊಟವೆಲ್ಲ ತಳದಲ್ಲಿ ಮೆತ್ತಗೆ ಬಿದ್ದಿತ್ತು.

ಚಿಕ್ಕಮ್ಮನಿಗೆ ಫೋನ್ ಹೋಯಿತು. "ಹೇಗಿದಾನೆ ನಮ್ ಜಂಬಣ್ಣ?"

"ಸೂಪರ್" ಎನ್ನಲು ಬಾಯಿ ತೆರೆದವಳಿಗೆ ಅಳುವೇ ಬಂತು. "ಸತ್ತೋಗ್ತಾನೆ ಅನ್ಸುತ್ತೆ ಚಿಕ್ಕಮ್ಮಾ. ನೀರೆಲ್ಲ ಬೆಳ್ಳಗಾಗಿದೆ."

"ಅಳಬೇಡ. ಎಷ್ಟು ಊಟ ಹಾಕ್ದೆ?"

"ಬೆಳಿಗ್ಗೆ, ಸ್ಕೂಲಿಂದ ಬಂದ್ಮೇಲೆ, ರಾತ್ರಿ... ಒಬ್ನೇ ಇರ್ತಾನಲ್ಲ, ಬೇಜಾರಾಗುತ್ತೆ ಅಂತ."

"ಮತ್ತೆ?"

"ನೀರು ತಣ್ಣಗಿತ್ತು. ಹೀಟರ್ ಜಾಸ್ತಿ ಮಾಡ್ದೆ."

"ಆ ಬಿಳುಪು ಬ್ಯಾಕ್ಟೀರಿಯಾ ಕಣೇ. ಸಮುದ್ರದ ನೀರಲ್ಲಿ ಅವು ಯಾವಾಗ್ಲೂ ಇರ್ತವೆ, ಕಣ್ಣಿಗೆ ಕಾಣಲ್ಲ ಅಷ್ಟೆ. ನೀರು ಬೆಚ್ಚಗಿದ್ರೂ ಊಟ ಸಿಗದಿದ್ರೆ ಅಷ್ಟಾಗಿ ಹೆಚ್ಚಲ್ಲ. ಊಟ ಇದ್ರೂ ನೀರು ತಣ್ಣಗಿದ್ರೆ ನಿಧಾನ. ನೀನು ಎರಡನ್ನೂ ಕೊಟ್ಬಿಟ್ಟೆ. ಈಗ ನೀರಲ್ಲಿರೋ ಆಕ್ಸಿಜನ್ನೆಲ್ಲ ಅವೇ ಎಳ್ಕೊಳ್ತಿವೆ. ಜಂಬಣ್ಣಂಗೆ ಹಸಿವಲ್ಲ, ಉಸಿರು ಸಿಗ್ತಿಲ್ಲ."

ಗಿಳಿ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಹೇಳುತ್ತಾ ಹೋದಳು, ಇವಳು ಮಾಡುತ್ತಾ ಹೋದಳು. ಗಾಳಿಯ ಪಂಪನ್ನು ಜೋರು ಮಾಡಿದಳು. ಹೀಟರನ್ನು ಒಮ್ಮೆಲೇ ಅಲ್ಲದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದಳು. ಪೈಪಿನಿಂದ ತಳದ ಕೊಳೆಯನ್ನು ಬಕೆಟ್ಟಿಗೆ ಎಳೆದಳು. ಕ್ಯಾನಿನಲ್ಲಿ ಚಿಕ್ಕಮ್ಮ ತಯಾರಿಸಿಟ್ಟಿದ್ದ ಉಪ್ಪುನೀರನ್ನು ಲೋಟದಿಂದ ಮೆಲ್ಲಗೆ ಸುರಿದಳು. ಬಕೆಟ್ ಹಿಡಿದ ಅಜ್ಜಿ ಅರ್ಧ ಒದ್ದೆ.

"ನಾನು ಬರೋವರೆಗೂ ಊಟ ಬಂದ್," ಎಂದಳು ಚಿಕ್ಕಮ್ಮ. "ನಾಡಿದ್ದು ಬರ್ತೀನಿ."

"ನಾಡಿದ್ದಾ! ಉಪವಾಸ ಕೆಡವ್ತೀಯೇನೇ?" ಅಜ್ಜಿ ಫೋನಿಗೇ ಬೈದರು.

ಆ ರಾತ್ರಿ ಗಿಳಿ ಸರಿಯಾಗಿ ಉಣ್ಣಲಿಲ್ಲ, ಮಾತೂ ಆಡಲಿಲ್ಲ.

ಮಾರನೆಯ ಸಂಜೆ ಸ್ಕೂಲ್ ಬ್ಯಾಗನ್ನೂ ಇಳಿಸದೆ ಓಡಿದಳು. ನೀರು ಇನ್ನೂ ಮಬ್ಬಾಗಿತ್ತು, ಆದರೆ ತಳದ ಕಲ್ಲುಗಳು ಕಾಣುತ್ತಿದ್ದವು. ಜಂಬಣ್ಣ ಕೆಳಗಿಳಿದು ಈಜುತ್ತಿದ್ದ! ಅವಳನ್ನು ಕಂಡದ್ದೇ ತಡ, ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆದ.

"ನೋಡೇ, ಈಗಂತೂ ಹಸಿವೇ," ಅಜ್ಜಿ ಪಿಸುಗುಟ್ಟಿದರು. "ಒಂದೇ ಒಂದು ಚೂರು. ನಾನು ಯಾರಿಗೂ ಹೇಳಲ್ಲ."

ಗಿಳಿ ಡಬ್ಬಿಯತ್ತ ನೋಡಿದಳು. "ನಂಗೂ ಹಾಕ್ಬೇಕು ಅನ್ಸುತ್ತೆ ಅಜ್ಜಿ," ಎಂದಳು. ಆದರೆ ಡಬ್ಬಿಯನ್ನು ಎತ್ತಿ ಬೀರುವಿನ ಮೇಲಿಟ್ಟಳು.

ಆಮೇಲೆ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಇವತ್ತು ಏನಾಯ್ತು ಗೊತ್ತಾ ಜಂಬಣ್ಣಾ?" ಎಂದು ಫಸ್ಟ್ ಪೀರಿಯಡ್‌ನಿಂದ ಶುರುಮಾಡಿದಳು. ಲಾಸ್ಟ್ ಪೀರಿಯಡ್ ಮುಗಿಯುವ ತನಕವೂ ಅವನು ಗಾಜಿನ ಹತ್ತಿರವೇ ಇದ್ದ.