ಹಣೆಯ ಚುಕ್ಕೆ ಮತ್ತು ಮೂರನೆಯ ಗಂಟೆ

ಬಹಳ ಹಿಂದೆ, ಗಿಳಿಗಳೂ ಚಾಡಿ ಹೇಳುತ್ತಿದ್ದ ಕಾಲದಲ್ಲಿ, ಹವಳದುರ್ಗವೆಂಬ ರಾಜ್ಯವಿತ್ತು. ಅದರ ಗಡಿಯ ಗುಹೆಯಲ್ಲಿ ಜಡೆಗಡ್ಡನೆಂಬ ಮಾಯಾವಿ ಇದ್ದ. ದಾರಿಹೋಕರನ್ನು ಒಗಟಿನಲ್ಲಿ ಸೋಲಿಸಿ ಟಗರು ಮಾಡಿ ಕಟ್ಟಿಹಾಕುವುದೇ ಅವನ ಕಸುಬು. ಹೊಂಬಾಳೆಯ ಗಂಡ ಬೊಪ್ಪಣ್ಣನೂ ಹಾಗೇ ಟಗರಾದ.

ಅವನನ್ನು ಬಿಡಿಸಿಕೊಂಡು ಬರಲು ಹೊಂಬಾಳೆ ಹೊರಟಳು. ಅತ್ತೆ ಚೆನ್ನಾಜಮ್ಮ, ನಾದಿನಿ ತುಂಗಿ ಜೊತೆಗೆ ಬಂದರು. "ಹೆಣ್ಣು ನೋಡಲು ಹೋದಾಗ ಬುದ್ಧಿ ಎಷ್ಟಿದೆ ಅಂತ ಕೇಳುವುದನ್ನೇ ಮರೆತೆವು" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದಳು. ಹೊಂಬಾಳೆಗೂ ಅತ್ತೆಯ ಬುದ್ಧಿಯ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ.

ಜಡೆಗಡ್ಡ ಮೂವರನ್ನೂ ಎದುರುಬದುರು ಕೂರಿಸಿ, ಕಣ್ಣು ಮುಚ್ಚಿಸಿ, ಒಬ್ಬೊಬ್ಬರ ಹಣೆಗೂ ಒಂದು ಚುಕ್ಕೆ ಇಟ್ಟ.

"ಚುಕ್ಕೆ ಕೆಂಪಿರಬಹುದು, ಕಪ್ಪಿರಬಹುದು. ಒಂದಾದರೂ ಕೆಂಪು. ಬೇರೆಯವರದು ಕಾಣುತ್ತದೆ, ನಿಮ್ಮದು ಕಾಣದು. ಮಾತಿಲ್ಲ, ಸನ್ನೆಯಿಲ್ಲ. ಮೂರು ಸಲ ಗಂಟೆ ಬಾರಿಸುತ್ತೇನೆ. ತನ್ನ ಬಣ್ಣ ತಿಳಿದವಳು ಆ ಗಂಟೆಗೇ ಹೇಳಬೇಕು. ಸರಿಯಾದರೆ ನನ್ನ ಮಾಯೆ ಮುರಿಯುತ್ತದೆ. ತಪ್ಪಾದರೆ, ಇಲ್ಲವೇ ಮೂರನೆಯದಕ್ಕೂ ಬಾಯಿ ಬಿಡದಿದ್ದರೆ, ಮೂವರೂ ಕುರಿ!"

ಹೊಂಬಾಳೆ ಕಣ್ಣು ತೆರೆದಳು. ಅತ್ತೆಯ ಚುಕ್ಕೆ ಕೆಂಪು. ತುಂಗಿಯದೂ ಕೆಂಪು. ತನ್ನದು?

ಮೊದಲ ಗಂಟೆ ಮೊಳಗಿತು. ಯಾರೂ ಮಾತಾಡಲಿಲ್ಲ. 'ಎರಡು ಕಪ್ಪು ಕಂಡವಳಿದ್ದರೆ ತನ್ನದೇ ಕೆಂಪೆಂದು ಕೂಗುತ್ತಿದ್ದಳು. ಅಂದರೆ ಎರಡು ಕಪ್ಪು ಯಾರಿಗೂ ಕಂಡಿಲ್ಲ' ಎಂದುಕೊಂಡಳು ಹೊಂಬಾಳೆ.

ಎರಡನೆಯ ಗಂಟೆ ಮೊಳಗಿತು. ಆಗಲೂ ಮೌನ. ಹೊರಗೆ ಒಂದು ಟಗರು ದೀನವಾಗಿ ಅರಚಿತು.

ಹೊಂಬಾಳೆ ಎಳೆ ಎಳೆಯಾಗಿ ಬಿಡಿಸಿದಳು. 'ನನ್ನದು ಕಪ್ಪು ಅಂತಿಟ್ಟುಕೊಳ್ಳೋಣ. ಆಗ ಅತ್ತೆಗೆ ಕಾಣುವುದು ನನ್ನ ಕಪ್ಪು, ತುಂಗಿಯ ಕೆಂಪು. ಅತ್ತೆಯದೂ ಕಪ್ಪಾಗಿದ್ದರೆ ತುಂಗಿ ಮೊದಲ ಗಂಟೆಗೇ ಕೂಗಬೇಕಿತ್ತು. ಕೂಗಲಿಲ್ಲ. ಹಾಗಾದರೆ ತನ್ನದು ಕೆಂಪೆಂದು ಅತ್ತೆಗೆ ಎರಡನೆಯ ಗಂಟೆಗೆ ತಿಳಿಯಬೇಕಿತ್ತು. ಅವರೂ ಸುಮ್ಮನಿದ್ದಾರೆ. ಅಂದರೆ ನನ್ನದು ಕಪ್ಪಲ್ಲ!'

ಜಡೆಗಡ್ಡ ಅವಳ ಕಿವಿಯ ಬಳಿ ಬಗ್ಗಿದ. "ನಿನ್ನ ಅತ್ತೆ ಯೋಚಿಸಿ ಸುಮ್ಮನಿದ್ದಾಳೋ, ಏನೂ ತೋಚದೆ ಸುಮ್ಮನಿದ್ದಾಳೋ?"

ಅಷ್ಟೊಂದು ಟಗರುಗಳನ್ನು ಅವನು ಗಳಿಸಿದ್ದು ಈ ಒಂದು ಪ್ರಶ್ನೆಯಿಂದಲೇ. ಬಂದವರಿಗೆಲ್ಲ ತರ್ಕ ಹೊಳೆದಿತ್ತು. ಜೊತೆಗಿದ್ದವರಿಗೂ ಹೊಳೆದಿದೆ ಎಂದು ನಂಬುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ.

ಹೊಂಬಾಳೆ ತಲೆಯೆತ್ತಿದಳು. ಚೆನ್ನಾಜಮ್ಮ ಕಣ್ಣು ಕಿರಿದು ಮಾಡಿ ಸೊಸೆಯನ್ನೇ ನೋಡುತ್ತಿದ್ದಳು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವಾಗಿನ ನೋಟ ಅದು. ಆ ನೋಟದ ಮುಂದೆ ಗೆದ್ದ ದಲ್ಲಾಳಿ ಇನ್ನೂ ಹುಟ್ಟಿರಲಿಲ್ಲ. 'ಅಬ್ಬಾ, ನನ್ನದು ಕಪ್ಪಾಗಿದ್ದರೆ ಇವರಿಗೆ ತೋಚದಿರುವುದುಂಟೇ! ತೋಚಿದ್ದರೆ ಬಾಯಿ ಮುಚ್ಚಿಕೊಂಡಿರುವುದುಂಟೇ!'

ಮೂರನೆಯ ಗಂಟೆ ಮೊಳಗಿತು.

"ಕೆಂಪು!" ಮೂರು ಗಂಟಲು ಒಟ್ಟಿಗೇ ಕೂಗಿದವು.

ಗುಹೆ ನಡುಗಿತು. ಟಗರುಗಳೆಲ್ಲ ಮನುಷ್ಯರಾಗಿ ಎದ್ದು ನಿಂತವು. ಬೊಪ್ಪಣ್ಣ ಬಾಯಲ್ಲಿದ್ದ ಹುಲ್ಲು ಉಗಿದು ಮೊದಲು ಅವ್ವನನ್ನೇ ಕರೆದ. ಜಡೆಗಡ್ಡ ಕುಗ್ಗಿ ಕುಗ್ಗಿ ಹಲ್ಲಿಯಾದ. ನಿಜ ಕೇಳಿದಾಗಲೆಲ್ಲ ಲೊಚಗುಟ್ಟುವುದೊಂದೇ ಅವನಿಗೆ ಉಳಿದ ವಿದ್ಯೆ.

"ಅದು ಹೇಗೇ ನನ್ನನ್ನು ನಂಬಿದೆ?" ಎಂದಳು ಚೆನ್ನಾಜಮ್ಮ.

"ನೀವು ನನ್ನನ್ನು ನಂಬಿದ ಹಾಗೇ, ಅತ್ತೆ."

"ಇಬ್ಬರೂ ನನ್ನನ್ನು ನಂಬಿದಿರಲ್ಲ, ಅದನ್ನು ಹೇಳಿ!" ಎಂದಳು ತುಂಗಿ.

ಆಮೇಲೆ ಹವಳದುರ್ಗದಲ್ಲಿ ಎಲ್ಲರೂ ಸುಖವಾಗಿದ್ದರು. ಅತ್ತೆ ಸೊಸೆಯರ ಜಗಳವೇನೂ ನಿಲ್ಲಲಿಲ್ಲ. ಅದೂ ಸುಖದಲ್ಲೇ ಸೇರಿತ್ತು. ಆದರೆ ನೆರೆಯವರು ಬಂದಾಗ ಚೆನ್ನಾಜಮ್ಮ, "ನನ್ನ ಸೊಸೆ ಬಲು ಜಾಣೆ ಕಣ್ರೇ" ಎನ್ನುವಳು. ಗೋಡೆಯ ಮೇಲಿನ ಹಲ್ಲಿ ಬಾಯಿ ಬಿಗಿಹಿಡಿದು ಒದ್ದಾಡಿ, ಕೊನೆಗೆ ತಡೆಯಲಾರದೆ "ಲೊಚ್" ಎನ್ನುವುದು.